ಮತ್ತೆ ಮತ್ತೆ ಹನಿ ಏಕೆ? ಲಸಿಕೆ ಹಂಚಿಕೆಯ ಹಿಂದಿನ ಲೆಕ್ಕ

"ಕಳೆದ ಸಲವೂ ಹಾಕಿಸಿದ್ದೇವಲ್ಲ ಅಕ್ಕಾ, ಮತ್ತೆ ಯಾಕೆ?"

ಪಲ್ಸ್ ಪೋಲಿಯೋ ದಿನ ಐಸ್ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ ದಿನಕ್ಕೆ ಎಷ್ಟೋ ಸಲ ಈ ಪ್ರಶ್ನೆ ಕೇಳುತ್ತಾರೆ. ಹೆಚ್ಚಿನವರು ನಗುತ್ತಲೇ ಮಗುವನ್ನು ಮುಂದೆ ತರುತ್ತಾರೆ. ಕೆಲವರು ಬಾಗಿಲು ಅರ್ಧ ಮುಚ್ಚಿ ಮಾತನಾಡುತ್ತಾರೆ. ಪ್ರಶ್ನೆ ಮಾತ್ರ ಸರಿಯಾದದ್ದೇ. ಒಂದು ಸಲ ಹಾಕಿದ ಮದ್ದು ಕೆಲಸ ಮಾಡುವುದಾದರೆ ಹತ್ತು ಸಲ ಏಕೆ ಹಾಕಬೇಕು? ನಮ್ಮ ಊರಿಗೆ ವರ್ಷಕ್ಕೆ ಒಂದೆರಡು ಸಲ ಬರುವವರು ಒಂದು ಕಾಲದಲ್ಲಿ ಉತ್ತರ ಪ್ರದೇಶದ ಕೆಲವು ಊರುಗಳಿಗೆ ತಿಂಗಳಿಗೊಮ್ಮೆ ಎಂಬಂತೆ ಏಕೆ ಹೋಗುತ್ತಿದ್ದರು? ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದು ಲೆಕ್ಕದಲ್ಲಿದೆ. ಶಾಲೆಯಲ್ಲಿ ಶೇಕಡಾ ಲೆಕ್ಕ ಕಲಿತವರು ಯಾರೂ ಅದನ್ನು ಮಾಡಿ ನೋಡಬಹುದು. ಒಂದು ಕಾಗದ, ಪೆನ್ನು ಹತ್ತಿರ ಇಟ್ಟುಕೊಳ್ಳಿ.

ಮೊದಲು ದಡಾರದಿಂದ ಆರಂಭಿಸೋಣ. ಯಾರಿಗೂ ಲಸಿಕೆ ಆಗಿಲ್ಲದ, ಯಾರಿಗೂ ಹಿಂದೆ ಆ ರೋಗ ಬಂದಿಲ್ಲದ ಊರಿಗೆ ದಡಾರದ ಒಬ್ಬ ರೋಗಿ ಬಂದರೆ ಅವನಿಂದ ನೇರವಾಗಿ 12ರಿಂದ 18 ಮಂದಿಗೆ ಅಂಟುತ್ತದೆ ಎಂದು ತಜ್ಞರು ಅಂದಾಜು ಮಾಡುತ್ತಾರೆ. ಪೋಲಿಯೋಗೆ ಈ ಸಂಖ್ಯೆ 5ರಿಂದ 7. ಇದನ್ನು ನಾವು 'ಹರಡುವ ಸಂಖ್ಯೆ' ಎನ್ನೋಣ. ರೋಗ ಊರಲ್ಲಿ ಉಳಿಯಬೇಕಾದರೆ ಪ್ರತಿಯೊಬ್ಬ ರೋಗಿಯೂ ಕನಿಷ್ಠ ಇನ್ನೊಬ್ಬನಿಗಾದರೂ ಅದನ್ನು ದಾಟಿಸಬೇಕು. ಒಬ್ಬನಿಗಿಂತ ಕಡಿಮೆಯಾದರೆ ರೋಗ ತಾನಾಗಿಯೇ ಕ್ಷೀಣಿಸಿ ನಂದಿ ಹೋಗುತ್ತದೆ.

ದಡಾರದ ಸಂಖ್ಯೆಯನ್ನು 15 ಎಂದು ಇಟ್ಟುಕೊಳ್ಳಿ. ರೋಗಿಯ ಸಂಪರ್ಕಕ್ಕೆ ಬಂದು ರೋಗ ಅಂಟಬಹುದಾಗಿದ್ದ ಆ 15 ಜನರಲ್ಲಿ 14 ಜನರಿಗೆ ಮೊದಲೇ ರಕ್ಷಣೆ ಇದ್ದರೆ ರೋಗ ಒಬ್ಬನಿಗೆ ಮಾತ್ರ ದಾಟುತ್ತದೆ. 15ರಲ್ಲಿ 14 ಎಂದರೆ ಸುಮಾರು ಶೇ. 93. ಇದು ಗಡಿ. ಊರಿನ ಶೇ. 93ಕ್ಕಿಂತ ಹೆಚ್ಚು ಜನ ಸುರಕ್ಷಿತರಾಗಿದ್ದರೆ ಉಳಿದ ಕೆಲವರಿಗೆ ಲಸಿಕೆ ಆಗದಿದ್ದರೂ ರೋಗ ಅವರವರೆಗೆ ತಲುಪುವುದು ಅಪರೂಪ. ಆ ಉಳಿದವರು ಯಾರು? ಒಂಬತ್ತು ತಿಂಗಳು ತುಂಬದ ಹಸುಗೂಸುಗಳು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಕ್ಕಳು, ಗರ್ಭಿಣಿಯರು. ಇವರಿಗೆ ದಡಾರದ ಲಸಿಕೆ ಕೊಡುವಂತಿಲ್ಲ. ಸುತ್ತಲಿನವರ ರಕ್ಷಣೆಯೇ ಇವರಿಗೆ ರಕ್ಷಣೆ.

ಈಗ ಇನ್ನೊಂದು ಹೆಜ್ಜೆ. ಒಂಬತ್ತನೇ ತಿಂಗಳಲ್ಲಿ ಕೊಡುವ ದಡಾರದ ಮೊದಲ ಚುಚ್ಚುಮದ್ದು ಸುಮಾರು ಶೇ. 85 ಮಕ್ಕಳಲ್ಲಿ ಮಾತ್ರ ಪೂರ್ಣ ರಕ್ಷಣೆ ಮೂಡಿಸುತ್ತದೆ. ಅಂದರೆ ಊರಿನ ನೂರಕ್ಕೆ ನೂರು ಮಕ್ಕಳಿಗೂ ಒಂದು ಸಲ ಹಾಕಿಸಿದರೆ ಸುರಕ್ಷಿತರಾಗುವವರು 85 ಮಂದಿ. ಬೇಕಾದದ್ದು 93. ಒಂದೇ ಒಂದು ಮನೆ ಬಿಡದೆ ಎಲ್ಲರೂ ಹಾಕಿಸಿಕೊಂಡರೂ ಸಾಲದು! ಎರಡನೇ ಡೋಸ್ ಆದ ಮೇಲೆ ರಕ್ಷಣೆ ಸುಮಾರು ಶೇ. 97ಕ್ಕೆ ಏರುತ್ತದೆ. ಆಗ ಶೇ. 96-97 ಮಕ್ಕಳಿಗೆ ಎರಡೂ ಡೋಸ್ ಆದರೆ ಗಡಿ ದಾಟಬಹುದು. ಒಂದೂವರೆ ವರ್ಷದ ಹೊತ್ತಿಗೆ ಮತ್ತೆ ಕರೆಯುವುದು ಇದಕ್ಕಾಗಿಯೇ.

ಈ ಬಗೆಯ ಆಲೋಚನೆಗೆ ನಮ್ಮ ದೇಶದೊಂದಿಗೆ ಹಳೆಯ ನಂಟಿದೆ. ಅಲ್ಮೋರಾದಲ್ಲಿ ಹುಟ್ಟಿ, ಬೆಂಗಳೂರಿನಲ್ಲೂ ಕೆಲಸ ಮಾಡಿದ್ದ ಸೈನ್ಯದ ವೈದ್ಯ ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ರೋಗಾಣುವನ್ನು ಕಂಡವರು. ಊರಿನ ಸೊಳ್ಳೆಗಳನ್ನೆಲ್ಲ ಕೊಲ್ಲಲು ಸಾಧ್ಯವೇ ಎಂದು ಜನ ಅವರನ್ನು ಗೇಲಿ ಮಾಡಿದಾಗ ಅವರು ಸಮೀಕರಣ ಬರೆದು, ಎಲ್ಲವನ್ನೂ ಕೊಲ್ಲಬೇಕಾಗಿಲ್ಲ, ಸಂಖ್ಯೆಯನ್ನು ಒಂದು ಗಡಿಗಿಂತ ಕೆಳಗೆ ಇಳಿಸಿದರೆ ಸಾಕು ಎಂದು ತೋರಿಸಿದರು. 1927ರಲ್ಲಿ ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಎಂಬಿಬ್ಬರು ಪ್ರಕಟಿಸಿದ ಪ್ರಸಿದ್ಧ ಲೇಖನ ಇಂದಿಗೂ ಈ ಶಾಸ್ತ್ರದ ಬುನಾದಿ. ಅವರು ತಮ್ಮ ಲೆಕ್ಕವನ್ನು ಒರೆಗೆ ಹಚ್ಚಿದ್ದು 1905-06ರ ಮುಂಬಯಿ ಪ್ಲೇಗ್ ಸಾವುಗಳ ಅಂಕಿಗಳ ಮೇಲೆ.

ಗಣಿತವನ್ನು ನ್ಯಾಯದ ಹಂಚಿಕೆಗೆ ಬಳಸುವುದು ನಮಗೆ ಹೊಸತೂ ಅಲ್ಲ. ಬೀಜಗಣಿತಕ್ಕೆ ಹೆಸರು ಕೊಟ್ಟ ಅಲ್ ಖ್ವಾರಿಝ್ಮಿಯ ಗ್ರಂಥದ ದೊಡ್ಡ ಭಾಗ ಉಯಿಲು ಮತ್ತು ವಾರಸು ಪಾಲಿನ ಲೆಕ್ಕಗಳಿಗೇ ಮೀಸಲು.

ಈಗ ಪೋಲಿಯೋಗೆ ಬರೋಣ. ಈ ಲೇಖನ ಬರೆಯಲು ಮುಖ್ಯ ಕಾರಣವೂ ಅದೇ.

2002ರಲ್ಲಿ ಭಾರತದಲ್ಲಿ 1,600 ಮಕ್ಕಳು ಪೋಲಿಯೋದಿಂದ ಅಂಗವಿಕಲರಾದರು. ಹೆಚ್ಚಿನವರು ಉತ್ತರ ಪ್ರದೇಶದವರು. ಅವರಲ್ಲಿ ಮುಸ್ಲಿಂ ಮಕ್ಕಳ ಪ್ರಮಾಣ ಅಲ್ಲಿನ ಮುಸ್ಲಿಂ ಜನಸಂಖ್ಯೆಯ ಪ್ರಮಾಣಕ್ಕಿಂತ ಬಹಳ ಹೆಚ್ಚಿತ್ತು. ಮುರಾದಾಬಾದ್ ಮತ್ತು ಸುತ್ತಲಿನ ಜಿಲ್ಲೆಗಳ ಹೆಸರು ವರ್ಷ ವರ್ಷವೂ ವರದಿಗಳಲ್ಲಿ ಬರುತ್ತಿತ್ತು. ಈ ಹನಿ ಹಾಕಿದರೆ ಮುಂದೆ ಮಕ್ಕಳಾಗುವುದಿಲ್ಲವಂತೆ ಎಂಬ ವದಂತಿ ಓಣಿ ಓಣಿಗಳಲ್ಲಿ ಹಬ್ಬಿತ್ತು. ವದಂತಿಯನ್ನು ನಂಬಿದವರನ್ನು ಬೈಯುವುದು ಸುಲಭ. ಆದರೆ ಅವರ ಇನ್ನೊಂದು ದೂರು ವದಂತಿಯಲ್ಲ, ಕಣ್ಣಾರೆ ಕಂಡದ್ದು. ಪಕ್ಕದ ಮನೆಯ ಮಗುವಿಗೆ ಏಳೆಂಟು ಸಲ ಹನಿ ಹಾಕಿಸಿದ್ದರು, ಆದರೂ ಕಾಲು ಹೋಯಿತು. ಹಾಗಾದರೆ ಈ ಮದ್ದಿನಲ್ಲಿ ಏನಿದೆ? ಕರೆಂಟಿಲ್ಲ, ಚರಂಡಿಯಿಲ್ಲ, ಕುಡಿಯುವ ನೀರಿಲ್ಲ, ಜ್ವರಕ್ಕೆ ಡಾಕ್ಟರ್ ಸಿಗುವುದಿಲ್ಲ. ಹನಿ ಮಾತ್ರ ತಿಂಗಳು ತಿಂಗಳು ಬಾಗಿಲಿಗೇ ಬರುತ್ತದೆ. ಅನುಮಾನ ಬಂದುದರಲ್ಲಿ ಆಶ್ಚರ್ಯವೇನಿದೆ?

ಅಧಿಕಾರಿಗಳು ಬಹಳ ಕಾಲ ಇದಕ್ಕೆ ಜನರ ನಿರಾಕರಣೆಯೇ ಕಾರಣವೆಂದು ಭಾವಿಸಿದ್ದರು. ಸತ್ಯದ ಇನ್ನೊಂದು ಅರ್ಧ ಹೊರಬಂದದ್ದು ಲೆಕ್ಕದಿಂದ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ನಿಕೋಲಸ್ ಗ್ರಾಸ್ಲಿ ಮತ್ತು ಅವರ ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದ ವಿಧಾನ ಸರಳವಾಗಿದೆ. ಭಾರತದಲ್ಲಿ ಯಾವುದೇ ಮಗುವಿನ ಕೈಕಾಲು ದಿಢೀರನೆ ಸೋತರೂ ಅದನ್ನು ವರದಿ ಮಾಡಿ ಮಲ ಪರೀಕ್ಷೆ ಮಾಡುವ ವ್ಯವಸ್ಥೆಯಿದೆ. ಕೆಲವರಲ್ಲಿ ಪೋಲಿಯೋ ಸಿಗುತ್ತದೆ, ಹೆಚ್ಚಿನವರಲ್ಲಿ ಬೇರೆ ಕಾರಣ. ಒಂದೇ ಪ್ರದೇಶದ, ಒಂದೇ ವಯಸ್ಸಿನ ಈ ಎರಡೂ ಗುಂಪಿನ ಮಕ್ಕಳು ಎಷ್ಟೆಷ್ಟು ಸಲ ಹನಿ ಹಾಕಿಸಿಕೊಂಡಿದ್ದರು ಎಂದು ಹೋಲಿಸಿದರೆ ಒಂದೊಂದು ಡೋಸ್ ಎಷ್ಟು ರಕ್ಷಣೆ ಕೊಟ್ಟಿತು ಎಂದು ತಿಳಿಯುತ್ತದೆ. ಬಂದ ಉತ್ತರ ಇದು: ಭಾರತದ ಇತರ ಹೆಚ್ಚಿನ ರಾಜ್ಯಗಳಲ್ಲಿ ಒಂದನೇ ಬಗೆಯ ಪೋಲಿಯೋ ವಿರುದ್ಧ ಒಂದು ಡೋಸಿನ ರಕ್ಷಣೆ ಸುಮಾರು ಶೇ. 21. ಉತ್ತರ ಪ್ರದೇಶದಲ್ಲಿ ಕೇವಲ ಶೇ. 9.

ಶೇ. 9 ಎಂದರೆ ಏನೆಂದು ಕಾಗದದ ಮೇಲೆ ಬರೆದು ನೋಡಿ. 100 ಮಕ್ಕಳಿಗೆ ಹನಿ ಹಾಕಿದಿರಿ. 9 ಮಕ್ಕಳು ಸುರಕ್ಷಿತರಾದರು, 91 ಉಳಿದರು. ಮುಂದಿನ ತಿಂಗಳು ಮತ್ತೆ ಹಾಕಿದಿರಿ. 91ರಲ್ಲಿ ಶೇ. 9, ಅಂದರೆ ಸುಮಾರು 8 ಮಕ್ಕಳು ಸುರಕ್ಷಿತರಾದರು, 83 ಉಳಿದರು. ಮೂರನೇ ಸಲಕ್ಕೆ 75. ಹೀಗೆ ಹತ್ತು ಸಲ ಹಾಕಿಸಿದ ಮೇಲೂ 39 ಮಕ್ಕಳಿಗೆ ರಕ್ಷಣೆಯಿಲ್ಲ. ಪೋಲಿಯೋದ ಹರಡುವ ಸಂಖ್ಯೆ 6 ಎಂದಿಟ್ಟುಕೊಂಡರೂ ಆರರಲ್ಲಿ ಐದು ಮಕ್ಕಳು, ಅಂದರೆ ಶೇ. 83, ಸುರಕ್ಷಿತರಾಗಬೇಕು. ಶೇ. 21 ರಕ್ಷಣೆ ಕೊಡುವ ಕಡೆ ಎಂಟು ಡೋಸಿಗೆ ಈ ಗಡಿ ದಾಟುತ್ತದೆ. ಶೇ. 9 ಇರುವ ಕಡೆ ಹತ್ತೊಂಬತ್ತು ಡೋಸ್ ಬೇಕು. ಆ ತಾಯಂದಿರು ಹೇಳಿದ್ದು ನಿಜವಾಗಿತ್ತು. ಏಳೆಂಟು ಸಲ ಹಾಕಿಸಿಯೂ ಮಗು ಅಸುರಕ್ಷಿತವಾಗಿಯೇ ಇರಬಹುದಿತ್ತು.

ಕಾರಣ ಮದ್ದಿನಲ್ಲಿ ವಿಷ ಇದ್ದದ್ದಲ್ಲ. ಕಿಕ್ಕಿರಿದ ಓಣಿ, ತೆರೆದ ಚರಂಡಿ, ಪದೇ ಪದೇ ಬರುವ ಭೇದಿ. ಬಾಯಿಯ ಮೂಲಕ ಹಾಕುವ ಹನಿಯಲ್ಲಿ ಇರುವುದು ದುರ್ಬಲಗೊಳಿಸಿದ ಜೀವಂತ ವೈರಾಣು. ಅದು ಕರುಳಿನಲ್ಲಿ ನೆಲೆಯೂರಿ ಬೆಳೆದರೆ ಮಾತ್ರ ರಕ್ಷಣೆ. ಬೇರೆ ರೋಗಾಣುಗಳಿಂದ ತುಂಬಿದ ಕರುಳಿನಲ್ಲಿ ಅದಕ್ಕೆ ಜಾಗ ಸಿಗುವುದಿಲ್ಲ. ಸಾಲದೆಂಬಂತೆ ಆಗಿನ ಹನಿಯಲ್ಲಿ ಪೋಲಿಯೋದ ಮೂರೂ ಬಗೆಯ ವೈರಾಣುಗಳಿದ್ದು ಅವು ಪರಸ್ಪರ ಪೈಪೋಟಿಗೆ ಬೀಳುತ್ತಿದ್ದವು. ಎರಡನೇ ಬಗೆಯದು ಪ್ರಬಲ, ಆದರೆ ಆ ಬಗೆಯ ಕಾಡು ವೈರಾಣು 1999ರಲ್ಲಿ ಅಲಿಘರ್‌ನಲ್ಲಿ ಕೊನೆಯ ಬಾರಿ ಕಂಡು ಜಗತ್ತಿನಿಂದಲೇ ಮಾಯವಾಗಿತ್ತು. ಇಲ್ಲದ ಶತ್ರುವಿಗೆ ಸಿದ್ಧ ಮಾಡಿದ ಭಾಗ, ಇರುವ ಶತ್ರುವಿನ ವಿರುದ್ಧದ ಭಾಗವನ್ನು ತಡೆಯುತ್ತಿತ್ತು.

ಆದ್ದರಿಂದ 2005ರಿಂದ ಒಂದನೇ ಬಗೆಗೆ ಮಾತ್ರ ಮೀಸಲಾದ ಹನಿ ಬಂತು. ಉತ್ತರ ಪ್ರದೇಶದಲ್ಲಿ ಇದರ ಒಂದು ಡೋಸಿನ ರಕ್ಷಣೆ ಸುಮಾರು ಶೇ. 30 ಎಂದು ಮುಂದಿನ ಅಧ್ಯಯನ ತೋರಿಸಿತು. ಮತ್ತೆ ಲೆಕ್ಕ ಹಾಕಿ: 100, 70, 49, 34, 24, 17. ಐದೇ ಡೋಸಿಗೆ ಶೇ. 83! ಹತ್ತೊಂಬತ್ತು ಎಲ್ಲಿ, ಐದು ಎಲ್ಲಿ?

ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಒಂದನೇ ಬಗೆಯ ಮೇಲೆ ಗಮನವಿಟ್ಟಾಗ ಮೂರನೇ ಬಗೆಯ ಪೋಲಿಯೋ ತಲೆಯೆತ್ತಿತು. 2009ರಲ್ಲಿ ದೇಶದಲ್ಲಿ 741 ಪ್ರಕರಣಗಳಾದವು. ಲೆಕ್ಕ ಒಂದು ದಾರಿ ತೋರಿಸುವಾಗ ಇನ್ನೊಂದು ಬದಿಯನ್ನು ಕಾಣದೆ ಹೋಗಬಹುದು ಎಂಬುದಕ್ಕೆ ಇದೂ ಉದಾಹರಣೆ. 2010ರ ಜನವರಿಯಲ್ಲಿ ಒಂದು ಮತ್ತು ಮೂರನೇ ಬಗೆಗಳೆರಡಕ್ಕೂ ಕೆಲಸ ಮಾಡುವ ಹನಿ ಬಂದ ಮೇಲೆ ಇದು ಸರಿಹೋಯಿತು.

ಜೊತೆಗೆ ರೋಗ ಎಲ್ಲಿ ಬೇರು ಬಿಟ್ಟಿದೆ ಎಂದು ನಕ್ಷೆಯಲ್ಲಿ ಗುರುತಿಸಿ 107 ಬ್ಲಾಕುಗಳನ್ನು ಆರಿಸಲಾಯಿತು: ಉತ್ತರ ಪ್ರದೇಶದ 66, ಬಿಹಾರದ 41. ಹೆಚ್ಚಿನ ಸುತ್ತಿನ ಹನಿ ಮಾತ್ರವಲ್ಲ, ಭೇದಿಗೆ ಓ.ಆರ್.ಎಸ್., ಝಿಂಕ್ ಮಾತ್ರೆ, ಎದೆಹಾಲಿನ ತಿಳುವಳಿಕೆ, ಶೌಚದ ವ್ಯವಸ್ಥೆ, ಇತರ ಲಸಿಕೆಗಳು ಎಲ್ಲವನ್ನೂ ಅಲ್ಲಿಗೆ ಒಯ್ಯುವ ಯೋಜನೆ ಮಾಡಿದರು. ಇಟ್ಟಿಗೆ ಭಟ್ಟಿ, ಕಟ್ಟಡ ಕೆಲಸದ ಜಾಗ, ರೈಲು ನಿಲ್ದಾಣಗಳಲ್ಲೂ ಹನಿ ಹಾಕಿದರು. ಅಲಿಘರ್ ಮುಸ್ಲಿಂ ವಿಶ್ವವಿದ್ಯಾನಿಲಯ, ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ, ಜಾಮಿಯಾ ಹಮ್ದರ್ದ್ ಕೈಜೋಡಿಸಿದವು. ಮಸೀದಿಗಳಿಂದ ಇಮಾಮರು ಕರೆ ಕೊಟ್ಟರು. 2009ರಲ್ಲಿ 741 ಇದ್ದದ್ದು 2010ರಲ್ಲಿ 42ಕ್ಕೆ ಇಳಿಯಿತು. 2011ರಲ್ಲಿ ಒಂದೇ ಒಂದು, ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. ಅದೇ ಕೊನೆಯದು. 2014ರ ಮಾರ್ಚ್ 27ರಂದು ನಮ್ಮ ಪ್ರದೇಶವನ್ನು ಪೋಲಿಯೋಮುಕ್ತವೆಂದು ಘೋಷಿಸಲಾಯಿತು.

ಈಗ ನ್ಯಾಯದ ಪ್ರಶ್ನೆ. 107 ಬ್ಲಾಕುಗಳಿಗೆ ಅಷ್ಟು, ಉಳಿದವರಿಗೆ ಇಷ್ಟು ಎನ್ನುವುದು ಸರಿಯೇ? ಎಲ್ಲರಿಗೂ ಸಮನಾಗಿ ಹಂಚಬೇಕಲ್ಲವೇ?

ಒಂದು ಕಲ್ಪಿತ ಪಟ್ಟಣ ತೆಗೆದುಕೊಳ್ಳಿ. ಹತ್ತು ವಾರ್ಡ್, ಪ್ರತಿ ವಾರ್ಡಿನಲ್ಲಿ 1,000 ಮಕ್ಕಳು. ಒಂಬತ್ತು ವಾರ್ಡುಗಳಲ್ಲಿ ಶೇ. 98 ಮಕ್ಕಳಿಗೆ ದಡಾರದ ಎರಡೂ ಡೋಸ್ ಆಗಿದೆ. ಹತ್ತನೆಯದರಲ್ಲಿ ಶೇ. 60. ಪಟ್ಟಣದ ಸರಾಸರಿ ಶೇ. 94.2. ಕಚೇರಿಯಲ್ಲಿ ಕುಳಿತು ನೋಡಿದರೆ ಬಹಳ ಚೆನ್ನಾಗಿದೆ. ಒಳಗೆ ಹೋಗಿ ನೋಡಿ. ಒಂಬತ್ತು ವಾರ್ಡುಗಳಲ್ಲಿ ರಕ್ಷಣೆಯಿಲ್ಲದವರು ಸುಮಾರು ಶೇ. 5, ಅಲ್ಲಿ ಒಬ್ಬ ರೋಗಿಯಿಂದ ಅಂಟುವುದು ಒಬ್ಬನಿಗಿಂತ ಕಡಿಮೆ ಜನರಿಗೆ. ಹತ್ತನೇ ವಾರ್ಡಿನಲ್ಲಿ ರಕ್ಷಣೆಯಿಲ್ಲದವರು ಸುಮಾರು ಶೇ. 42. ಅಲ್ಲಿ ಒಬ್ಬನಿಂದ ಆರು ಮಂದಿಗೆ, ಆರರಿಂದ ಮೂವತ್ತಾರಕ್ಕೆ. ಸರಾಸರಿ ಈ ಬೆಂಕಿಯನ್ನು ಮುಚ್ಚಿಟ್ಟಿತ್ತು.

ಈ ಪಟ್ಟಣಕ್ಕೆ 380 ಮಕ್ಕಳಿಗೆ ಸಾಕಾಗುವಷ್ಟು ಲಸಿಕೆ ಬಂತು ಎನ್ನೋಣ. ಸಮನಾಗಿ ಹಂಚಿದರೆ ವಾರ್ಡಿಗೆ 38 ಮಕ್ಕಳ ಪಾಲು. ಒಂಬತ್ತು ವಾರ್ಡುಗಳಲ್ಲಿ ಬಾಕಿ ಇದ್ದವರೇ ಇಪ್ಪತ್ತಿಪ್ಪತ್ತು ಮಕ್ಕಳು, ಉಳಿದದ್ದು ಹಾಗೆಯೇ ಬಿದ್ದಿರುತ್ತದೆ. ಹತ್ತನೇ ವಾರ್ಡು ಶೇ. 60ರಿಂದ ಸುಮಾರು 64ಕ್ಕೆ ಏರುತ್ತದೆ. ಒಬ್ಬನಿಂದ ಈಗಲೂ ಐದಾರು ಮಂದಿಗೆ ರೋಗ. ಅದೇ 380ನ್ನೂ ಹತ್ತನೇ ವಾರ್ಡಿಗೇ ಕೊಟ್ಟರೆ ಅದೂ ಶೇ. 98 ತಲುಪುತ್ತದೆ. ಇಡೀ ಪಟ್ಟಣ ಸುರಕ್ಷಿತ, ಉಳಿದ ವಾರ್ಡುಗಳ ಹಸುಗೂಸುಗಳೂ ಸೇರಿ. ಝಕಾತ್ ಹಂಚುವಾಗ ನಾವು ಊರಿನ ಎಲ್ಲ ಮನೆಗಳಿಗೂ ಸಮನಾಗಿ ಹಂಚುವುದಿಲ್ಲ. ಅರ್ಹರು ಯಾರೆಂದು ನೋಡುತ್ತೇವೆ. ಇದೂ ಹಾಗೆಯೇ.

ಇಂತಹ ಹತ್ತನೇ ವಾರ್ಡುಗಳು ಬಹುಪಾಲು ಎಲ್ಲಿರುತ್ತವೆ ಎಂಬುದನ್ನು ಹೇಳದೆ ಬಿಡುವುದು ಸರಿಯಲ್ಲ. 2022ರ ಕೊನೆಯಲ್ಲಿ ಮುಂಬಯಿಯ ಗೋವಂಡಿಯಲ್ಲಿ ದಡಾರ ಹಬ್ಬಿ ಮಕ್ಕಳು ತೀರಿಕೊಂಡರು. 2016ರಲ್ಲಿ ಕೇರಳದ ಮಲಪ್ಪುರಂನಲ್ಲಿ ಗಂಟಲುಮಾರಿ ಕಾಣಿಸಿಕೊಂಡು ಜೀವಹಾನಿಯಾಯಿತು. ಎರಡೂ ನಮ್ಮವರು ದೊಡ್ಡ ಸಂಖ್ಯೆಯಲ್ಲಿರುವ ಜಾಗಗಳು. ಒಂದು ಕಡೆ ಬಡತನ ಮತ್ತು ಇಕ್ಕಟ್ಟು ದೊಡ್ಡ ಕಾರಣವಾದರೆ ಇನ್ನೊಂದು ಕಡೆ ಲಸಿಕೆಯ ವಿರುದ್ಧದ ಪ್ರಚಾರ. ನಮ್ಮ ರಾಜ್ಯವೂ ಸೇರಿದಂತೆ ಐದು ಕಡೆ 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಮೊದಲು ನಡೆದಾಗ ವಾಟ್ಸ್ಆ್ಯಪ್‌ನಲ್ಲಿ ಎಂತೆಂತಹ ಸಂದೇಶಗಳು ಹರಿದಾಡಿದವು ಎಂಬುದು ಓದುಗರಿಗೆ ನೆನಪಿರಬಹುದು.

ಲಸಿಕೆಯೇ ಸಾಲದಿದ್ದಾಗ ಲೆಕ್ಕ ಇನ್ನೊಂದು ರೀತಿ ನೆರವಾಗುತ್ತದೆ. 2016ರಲ್ಲಿ ಪೋಲಿಯೋ ಚುಚ್ಚುಮದ್ದಿಗೆ ಜಗತ್ತಿನಾದ್ಯಂತ ಕೊರತೆಯಾಯಿತು. ಪೂರ್ತಿ ಡೋಸ್ 0.5 ಮಿ.ಲೀ. ಅದರ ಐದನೇ ಒಂದು ಭಾಗ, 0.1 ಮಿ.ಲೀ.ಯನ್ನು, ಚರ್ಮದೊಳಗೆ ಎರಡು ಸಲ ಕೊಟ್ಟರೆ ಒಂದು ಪೂರ್ತಿ ಡೋಸಿಗಿಂತ ಉತ್ತಮ ರಕ್ಷಣೆ ಸಿಗುತ್ತದೆಂದು ಬಾಂಗ್ಲಾದೇಶದ ಪರೀಕ್ಷೆಯಲ್ಲಿ ಕಂಡುಬಂದಿತ್ತು. 100 ಮಕ್ಕಳಿಗೆ ಒಂದೊಂದು ಸಲ ಆಗುವ ಮದ್ದು ಹೀಗೆ 250 ಮಕ್ಕಳಿಗೆ ಎರಡೆರಡು ಸಲ ಆಗುತ್ತದೆ. ಈ ಕ್ರಮವನ್ನು ಮೊದಲು ಜಾರಿಗೆ ತಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮಗುವಿನ ತೋಳಿನಲ್ಲಿ ಸಣ್ಣ ಗುಳ್ಳೆಯಂತೆ ಏಳುವ ಆ ಚುಚ್ಚುಮದ್ದು ಇದೇ. ಅಷ್ಟೇ ಸ್ವಲ್ಪ ಹಾಕಿದರು ಎಂದು ಬೇಸರಿಸಬೇಕಾಗಿಲ್ಲ.

ಲೆಕ್ಕ ಎಲ್ಲ ಸಲವೂ ನ್ಯಾಯ ಮಾಡುತ್ತದೆಂದು ಮಾತ್ರ ತಿಳಿಯಬೇಡಿ. 2021ರ ಜೂನ್ 21ರಿಂದ ಕೇಂದ್ರ ಸರಕಾರ ರಾಜ್ಯಗಳಿಗೆ ಕೋವಿಡ್ ಲಸಿಕೆ ಹಂಚಲು ಬಳಸಿದ ಸೂತ್ರದಲ್ಲಿ ಜನಸಂಖ್ಯೆ, ರೋಗದ ಪ್ರಮಾಣ, ಲಸಿಕೆ ಹಾಕಿದ ಪ್ರಗತಿ ಇವು ಪರಿಗಣನೆಗೆ ಬಂದವು. ಲಸಿಕೆ ವ್ಯರ್ಥ ಮಾಡಿದ ರಾಜ್ಯಕ್ಕೆ ಪಾಲು ಕಡಿಮೆ. ಕೇಳಲು ಸರಿಯೇ. ಆದರೆ ಹತ್ತು ಡೋಸಿನ ಬಾಟಲಿಯನ್ನು ತೆರೆದರೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ನಗರದ ಆಸ್ಪತ್ರೆಗೆ ನೂರು ಜನ ಬರುತ್ತಾರೆ, ಒಂದು ಹನಿಯೂ ವ್ಯರ್ಥವಾಗುವುದಿಲ್ಲ. ಘಟ್ಟದ ಮೇಲಿನ ಹಳ್ಳಿಗೆ ಏಳು ಜನ ಬಂದರೆ ಮೂರು ಡೋಸ್ ಹೋಯಿತು. ವ್ಯರ್ಥಕ್ಕೆ ದಂಡ ಹಾಕಿದರೆ ದೂರದ ಹಳ್ಳಿಗಳಿಗೆ ಹೋಗಲು ಯಾರು ಉತ್ಸಾಹ ತೋರುತ್ತಾರೆ? ಪ್ರಗತಿಯನ್ನು ಎಣಿಸಿದರೂ ಅಷ್ಟೇ, ಮೊದಲೇ ಸೌಕರ್ಯವಿದ್ದವರು ಮುಂದೆ ಹೋಗುತ್ತಾರೆ. ಮೊಬೈಲ್‌ನಲ್ಲಿ ನೋಂದಾಯಿಸಬೇಕೆಂಬ ನಿಯಮ ಸ್ಮಾರ್ಟ್‌ಫೋನ್ ಇಲ್ಲದವರನ್ನು ಹಿಂದೆ ಹಾಕುತ್ತದೆಂದು ಆಗ ಸುಪ್ರೀಂ ಕೋರ್ಟ್ ಕೂಡ ಪ್ರಶ್ನೆಯೆತ್ತಿತ್ತು. ಸೂತ್ರದಲ್ಲಿ ಏನನ್ನು ಸೇರಿಸಬೇಕೆಂದು ತೀರ್ಮಾನಿಸುವವರು ಮನುಷ್ಯರೇ. ಆ ತೀರ್ಮಾನವನ್ನು ಪ್ರಶ್ನಿಸುವ ಹಕ್ಕು ಪ್ರಜೆಗಳಿಗಿದೆ, ಪ್ರಶ್ನಿಸಲೂ ಬೇಕು.

ದಡಾರದ ಲಸಿಕೆಗೂ ಇದೇ ತೊಡಕಿದೆ. ಪುಡಿಯನ್ನು ನೀರಿನಲ್ಲಿ ಕಲಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಎಸೆಯಬೇಕು. ಪೋಲಿಯೋ ಹನಿಯ ಬಾಟಲಿಯಾದರೆ ಸರಿಯಾದ ತಂಪಿನಲ್ಲಿದ್ದರೆ ನಾಲ್ಕು ವಾರ ಇಡಬಹುದು. ಆದ್ದರಿಂದ ನಿಗದಿತ ದಿನ, ನಿಗದಿತ ಹೊತ್ತಿಗೆ ಅಕ್ಕಪಕ್ಕದ ತಾಯಂದಿರು ಒಟ್ಟಾಗಿ ಹೋದರೆ ಬಹಳ ಉಪಕಾರ. ಹಾಗೆಂದು ಒಂದೇ ಮಗು ಬಂದಿದೆ, ಬಾಟಲಿ ತೆರೆಯಲಾಗದು ಎಂದು ಯಾರಾದರೂ ವಾಪಸ್ ಕಳಿಸಿದರೆ ಒಪ್ಪಬೇಡಿ. ಒಂದು ಮಗುವಿಗಾದರೂ ತೆರೆಯಬೇಕು.

ಇವತ್ತು ತಾಯಿ ಕಾರ್ಡ್ ತೆಗೆದು ನೋಡಿ. ಹುಟ್ಟಿದಾಗ, ಆರು, ಹತ್ತು ಮತ್ತು ಹದಿನಾಲ್ಕನೇ ವಾರ ಪೋಲಿಯೋ ಹನಿ. ಆರು ಮತ್ತು ಹದಿನಾಲ್ಕನೇ ವಾರ ಹಾಗೂ ಒಂಬತ್ತನೇ ತಿಂಗಳಲ್ಲಿ ಪೋಲಿಯೋದ ಸಣ್ಣ ಚುಚ್ಚುಮದ್ದು. ಒಂಬತ್ತರಿಂದ ಹನ್ನೆರಡು ತಿಂಗಳೊಳಗೆ ದಡಾರ-ರುಬೆಲ್ಲಾ ಒಂದನೇ ಡೋಸ್. ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ ಎರಡನೇ ಡೋಸ್ ಮತ್ತು ಹನಿಯ ಬೂಸ್ಟರ್. ಎರಡನೇ ಡೋಸಿನ ಚೌಕ ಖಾಲಿ ಉಳಿದಿರಬಹುದು, ಏಕೆಂದರೆ ಆ ಹೊತ್ತಿಗೆ ಮಗು ಓಡಾಡುತ್ತಿರುತ್ತದೆ, ನಾವು ಮರೆತಿರುತ್ತೇವೆ. ತಡವಾಗಿದ್ದರೂ ಐದು ವರ್ಷ ತುಂಬುವ ಮೊದಲು ಹಾಕಿಸಬಹುದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ.

ಪಲ್ಸ್ ಪೋಲಿಯೋ ತಂಡ ಬಂದು ಹೋದ ಮೇಲೆ ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಏನು ಬರೆದಿದ್ದಾರೆಂದು ಗಮನಿಸಿ. ಎಲ್ಲ ಮಕ್ಕಳಿಗೂ ಹನಿ ಆಗಿದ್ದರೆ 'ಪಿ', ಯಾವುದಾದರೂ ಮಗು ಬಿಟ್ಟು ಹೋಗಿದ್ದರೆ 'ಎಕ್ಸ್'. ಮಗು ಅಜ್ಜಿ ಮನೆಗೆ ಹೋಗಿದ್ದರೆ ಹಾಗೆಂದೇ ಹೇಳಿ. ಆಗಿದೆ ಎಂದು ಸುಳ್ಳು ಹೇಳಿ 'ಪಿ' ಬರೆಸಿಕೊಳ್ಳಬೇಡಿ. 'ಎಕ್ಸ್' ಇರುವ ಮನೆಗೆ ಅವರು ಮತ್ತೆ ಬರುತ್ತಾರೆ.